ಭಾವನ ಎಡಗೈ ಹುಕ್ಕು, ನನ್ನ ಬಿಳಿ ಅಂಗಿ

ಇದನ್ನು ಬರೆಯುವ ಹೊತ್ತಿಗೆ ನನ್ನ ಬಿಳಿ ಅಂಗಿ ಬಚ್ಚಲಿನ ಬಕೆಟ್ಟಿನಲ್ಲಿ ಮೂರನೇ ಸಲ ನೆನೆಯುತ್ತಿದೆ. ಮೊದಲು ಸೋಪಿನ ಪುಡಿ ಹಾಕಿದೆ. ಆಮೇಲೆ ಕಡಲೆಹಿಟ್ಟು. ಈಗ ಪಾತ್ರೆ ತೊಳೆಯುವ ಸೋಪು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ದಾವಣಗೆರೆ ಬೆಣ್ಣೆ ಅದು, ಕೈಗೆ ಹತ್ತಿದ್ದೇ ಸಂಜೆ ತನಕ ಹೋಗಲ್ಲ, ಬಟ್ಟೆಯಿಂದ ಹೋಗುತ್ತಾ?" ಎಂದು ಹೇಳಿ ಒಳಗೆ ಹೋದಳು. ಸಿಟ್ಟು ನನ್ನ ಮೇಲೆ. ಬೆಣ್ಣೆ ಚೆಲ್ಲಿಸಿದ್ದು ಅವಳ ಅಣ್ಣ. ನ್ಯಾಯ ನೋಡಿ.

ಕಾರಣ ಕೇಳಿದರೆ ನಗುತ್ತೀರಿ. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಬಾಕ್ಸಿಂಗ್ ಪಂದ್ಯದಲ್ಲಿ ಜೋ ಫ್ರೇಜಿಯರ್ ಎಂಬ ಪುಣ್ಯಾತ್ಮ ಹದಿನೈದನೇ ರೌಂಡಿನಲ್ಲಿ ಮೊಹಮ್ಮದ್ ಅಲಿಗೆ ಎಡಗೈಯಲ್ಲಿ ಒಂದು ಹುಕ್ಕು, ಅಂದರೆ ಮೊಣಕೈ ಮಡಚಿ ಪಕ್ಕದಿಂದ ಬೀಸುವ ಗುದ್ದು, ಕೊಟ್ಟ. ಅಲಿ ಅಂಗಾತ ಬಿದ್ದ. ತಕ್ಷಣ ಎದ್ದ. ಆದರೂ ಪಂದ್ಯ ಸೋತ. ಅಲ್ಲಿಗೆ ಮುಗಿಯಬೇಕಿತ್ತು ತಾನೇ? ಇಲ್ಲ. ಐವತ್ತು ವರ್ಷ ದಾಟಿದ ಆ ಏಟು ಇವತ್ತು ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ದಾವಣಗೆರೆಗೆ ಬಂದು ನನ್ನ ಎದೆಗೆ ತಗುಲಿತು. ಜೊತೆಗೆ ಒಂದು ಬೆಣ್ಣೆ ದೋಸೆ, ಒಂದು ಬಟ್ಟಲು ಚಟ್ನಿ.

ಭಾನುವಾರ ಬೆಣ್ಣೆ ದೋಸೆ ತಿನ್ನುವ ಕಷ್ಟ ನಿಮಗೆ ಹೇಳಬೇಕಾಗಿಲ್ಲ. ಸೌದೆ ಒಲೆಯ ಹೊಗೆ, ತಗಡಿನ ಮಾಡಿನ ಸೆಕೆ, ಆರು ಟೇಬಲ್ಲು, ಅರವತ್ತು ಜನ. ಟೋಕನ್ ಇಲ್ಲ, ಸಾಲು ಇಲ್ಲ. ತಿನ್ನುವವರ ಬೆನ್ನ ಹಿಂದೆ ಹೋಗಿ ನಿಲ್ಲಬೇಕು. ಅವರ ಪ್ಲೇಟನ್ನೇ ನೋಡಬೇಕು, ಆದರೆ ನೋಡಿದ ಹಾಗೆ ಕಾಣಬಾರದು. ಕೊನೇ ತುತ್ತು ಬಾಯಿಗೆ ಹೋಗುವಾಗ ಕುರ್ಚಿಯ ಬೆನ್ನಿಗೆ ಮೆಲ್ಲಗೆ ಕೈ ಹಾಕಬೇಕು. ಕುರ್ಚಿ ಯಾವಾಗ ಖಾಲಿ ಆಗುತ್ತೋ ಅಂತ ನಾವು ಕಾಯುತ್ತಿದ್ದರೆ ಅವರು ಕೈ ಎತ್ತಿ, "ಇನ್ನೊಂದು ಖಾಲಿ ತಾರಪ್ಪಾ" ಎಂದು ಕೂಗುತ್ತಾರೆ. ನಮ್ಮೂರಲ್ಲಿ ಖಾಲಿ ಎಂದರೆ ದೋಸೆ. ಬೇರೆ ಊರಿನವರಿಗೆ ಇದು ಅರ್ಥವಾಗುವುದಿಲ್ಲ, ಕಾದು ನಿಂತವನ ಸಂಕಟವೂ ಅರ್ಥವಾಗುವುದಿಲ್ಲ.

ನಮ್ಮದು ಐದು ಜನರ ಗುಂಪು, ದೋಸೆಯ ಜೊತೆಗೆ ಬಾಕ್ಸಿಂಗಿನಲ್ಲಿ ಯಾರು ದೊಡ್ಡವನು ಎಂಬ ಜಗಳ. ಭಾವ ಕಾಳುಕಡಿ ದಲ್ಲಾಳಿ, ಅಲಿ ಪಕ್ಷ. ಮೇಷ್ಟ್ರು ಡ್ರಿಲ್ ಮಾಸ್ತರಾಗಿ ರಿಟೈರ್ ಆದವರು, ಶುಗರ್ ರೇ ರಾಬಿನ್‌ಸನ್ ಪಕ್ಷ. ಔಷಧಿ ಅಂಗಡಿಯವರು ಫಿಲಿಪ್ಪೀನ್ಸಿನ ಮ್ಯಾನಿ ಪ್ಯಾಕಿಯಾವ್ ಪಕ್ಷ. ಭಾವನ ಮಗ ಇಂಜಿನಿಯರಿಂಗ್ ಮೂರನೇ ವರ್ಷ, ಫ್ಲಾಯ್ಡ್ ಮೇವೆದರ್ ಪಕ್ಷ. ನಾನು ದೋಸೆ ಪಕ್ಷ.

ಇಷ್ಟರಲ್ಲಿ ಒಬ್ಬರೂ ಬಾಕ್ಸಿಂಗ್ ಗ್ಲೌಸು ಹಾಕಿದವರಲ್ಲ. ನಮ್ಮದು ಕುಸ್ತಿಯ ಊರು. ಗರಡಿ ಮನೆ ಗೊತ್ತು, ಮಟ್ಟಿ ಗೊತ್ತು, ಪಟ್ಟು ಗೊತ್ತು. ಬಾಕ್ಸಿಂಗ್ ರಿಂಗನ್ನು ನಾವು ಕಂಡಿದ್ದು ಟಿವಿಯಲ್ಲಿ, ಮೊಬೈಲಿನಲ್ಲಿ. ಅದಕ್ಕೇ ಇರಬೇಕು, ಮಾತಾಡುವಾಗ ಇಷ್ಟು ಧೈರ್ಯ.

ಜಗಳವೆಲ್ಲ ಶುರುವಾಗುವುದು 'ಪೌಂಡ್ ಫಾರ್ ಪೌಂಡ್' ಎಂಬ ಮೂರು ಮಾತಿನಿಂದ. ಎಲ್ಲರನ್ನೂ ಒಂದೇ ತೂಕದವರು ಎಂದು ಅಂದುಕೊಂಡರೆ ಯಾರು ದೊಡ್ಡವನು ಅಂತ. ಈ ಮಾತು ಹೆಚ್ಚಾಗಿ ಅಂಟಿಕೊಂಡಿದ್ದು ರಾಬಿನ್‌ಸನ್‌ಗೇ. ವೆಲ್ಟರ್‌ವೇಟ್ ಎಂದರೆ 66.7 ಕೆಜಿ ಒಳಗೆ, ಅಲ್ಲಿ ಚಾಂಪಿಯನ್. ಮೇಲೆ ಮಿಡಲ್‌ವೇಟ್, 72.6 ಕೆಜಿ, ಅಲ್ಲಿ ಐದು ಸಲ ಚಾಂಪಿಯನ್. ಮೇಷ್ಟ್ರು ಇದನ್ನು ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಾರೆ. ಒಂದು ಸಲ ಅವರು ಆವೇಶದಲ್ಲಿ "ಪೌಂಡ್! ಪೌಂಡ್!" ಎಂದು ಟೇಬಲ್ಲು ಕುಟ್ಟಿದಾಗ ಸಪ್ಲೈಯರ್ ಹುಡುಗ ಬಂದು, "ಬ್ರೆಡ್ ಇಲ್ಲ ಸರ್, ದೋಸೆ ಮಾತ್ರ" ಎಂದ.

ಭಾವನಿಗೆ ಈ ಲೆಕ್ಕವೇ ಆಗದು. "ಇಲಿನ ಆನೆ ಮಾಡಿ, ಆನೇನ ಇಲಿ ಮಾಡಿ ಹೋಲಿಸೋದು ಎಂಥಾ ನ್ಯಾಯ ಮೇಷ್ಟ್ರೇ? ಆನೆ ಆನೇನೇ" ಎನ್ನುತ್ತಾನೆ. ಅವನ ಪ್ರಕಾರ ಹೆವಿವೇಟ್ ಬಿಟ್ಟರೆ ಉಳಿದದ್ದೆಲ್ಲ ಚಿಲ್ಲರೆ ವ್ಯಾಪಾರ. ಮೇಷ್ಟ್ರು, "ನಿಮ್ಮ ಆನೆ ತೂಕ ಕಳೆದು ನೋಡಪ್ಪ, ಏನು ಉಳಿಯುತ್ತೆ?" ಎನ್ನುತ್ತಾರೆ. ನನ್ನನ್ನು ಕೇಳಿದರೆ ಮೇಷ್ಟ್ರು ಹೇಳುವುದೇ ಸರಿ. ಆದರೆ ಭಾವ ಕೂರುವುದು ನನ್ನ ಪಕ್ಕದಲ್ಲಿ, ಹಾಗಾಗಿ ನಾನು ಇದನ್ನು ಬಾಯಿಬಿಟ್ಟು ಹೇಳಿಲ್ಲ.

ಈಗ ಭಾವನ ಚಟದ ವಿಷಯಕ್ಕೆ ಬರುತ್ತೇನೆ. ಅವನಿಗೆ ಬಾಯಲ್ಲಿ ಹೇಳಲು ಬರುವುದಿಲ್ಲ. ತೋರಿಸಬೇಕು. ಗಾಳಿಯಲ್ಲಿ ತೋರಿಸಿದರೆ ಅವನಿಗೆ ಸಮಾಧಾನವಿಲ್ಲ, ಒಂದು ದೇಹ ಬೇಕು. ಆ ದೇಹ ನನ್ನದು. ಮೇಷ್ಟ್ರು ಹಿರಿಯರು, ಔಷಧಿ ಅಂಗಡಿಯವರಿಗೆ ಸ್ಟೆಂಟ್ ಹಾಕಿದೆ, ಮಗ ಕೈಗೆ ಸಿಗುವುದಿಲ್ಲ. ಉಳಿದವನು ತಂಗಿಯ ಗಂಡ.

ಹೀಗೆ ನಾನು ಜಾರ್ಜ್ ಫೋರ್ಮನ್ ಆದದ್ದು ಕಮ್ಮಿ ಅಂದರೂ ಹತ್ತು ಸಲ. 1974ರ ಅಕ್ಟೋಬರ್ 30, ಜೈರ್ ದೇಶದ ಕಿನ್ಶಾಸಾ. ಅಲಿ ಹಗ್ಗಕ್ಕೆ ಒರಗಿ, ತೋಳು ಅಡ್ಡ ಹಿಡಿದು, ಏಳು ರೌಂಡು ಫೋರ್ಮನ್ ಕೈಯಿಂದ ಹೊಡೆಸಿಕೊಂಡು ಅವನನ್ನೇ ಸುಸ್ತು ಮಾಡಿ ಎಂಟನೇ ರೌಂಡಿನಲ್ಲಿ ಕೆಡವಿದ. ಭಾವ ಆ ಏಳು ರೌಂಡುಗಳನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಫೋರ್ಮನ್ ಹೊಡೆಯುವ ಭಾಗದಲ್ಲಿ ನನಗೆ ಅವಕಾಶವೇ ಇಲ್ಲ. "ಆಮೇಲೆ ಎಂಟನೇ ರೌಂಡು ಬಂತು ನೋಡಪ್ಪ" ಎಂದು ತೋಳು ಮಡಚುತ್ತಾನೆ. ನಾನು ಲೋಟ ಕೆಳಗಿಡುತ್ತೇನೆ.

1988ರಲ್ಲಿ ಮೈಕ್ ಟೈಸನ್ ಕೈಲಿ 91 ಸೆಕೆಂಡಿನಲ್ಲಿ ಮಲಗಿದ ಮೈಕಲ್ ಸ್ಪಿಂಕ್ಸ್ ಆಗಿದ್ದೇನೆ. ಇನ್ನೊಂದು ದೋಸೆ ಹೇಳಿದ್ದೆ, ಅದು ಹಂಚಿನ ಮೇಲೆ ಇರುವಾಗಲೇ ನನ್ನ ಕತೆ ಮುಗಿದಿತ್ತು. 1997ರ ಹೋಲಿಫೀಲ್ಡ್ ಪಂದ್ಯ, ಟೈಸನ್ ಕಿವಿ ಕಚ್ಚಿದ್ದು, ಅದರ ಮಾತು ಮುಂದಿನ ವಾರ ಎಂದು ಭಾವ ಹೇಳಿದ್ದ. ಆ ಭಾನುವಾರ ನಾನು ಮಫ್ಲರ್ ಸುತ್ತಿಕೊಂಡು ಹೋದೆ. ಮೇ ತಿಂಗಳು. ಎಲ್ಲರೂ "ಜ್ವರಾನಾ?" ಎಂದು ಕೇಳಿದರು.

ಈ ಎಲ್ಲದರಲ್ಲಿ ಸುಖವಾಗಿ ಕಳೆದದ್ದು ಸನ್ನಿ ಲಿಸ್ಟನ್ ಆಗಿದ್ದ ದಿನ. 1965ರಲ್ಲಿ ಅಲಿ ಜೊತೆ ನಡೆದ ಎರಡನೇ ಪಂದ್ಯದಲ್ಲಿ ಲಿಸ್ಟನ್ ಮೊದಲ ರೌಂಡಿನಲ್ಲೇ ಬಿದ್ದ. ಯಾವ ಏಟಿಗೆ ಬಿದ್ದ ಎಂದು ನೋಡಿದ ಎಷ್ಟೋ ಜನಕ್ಕೆ ಕಾಣಲೇ ಇಲ್ಲ. ಅದನ್ನು 'ಭೂತದ ಗುದ್ದು' ಎಂದು ಈಗಲೂ ಆಡಿಕೊಳ್ಳುತ್ತಾರೆ. ಭಾವ ಕೈ ಎತ್ತುವ ಮೊದಲೇ ನಾನು ಟೇಬಲ್ಲಿನ ಮೇಲೆ ತಲೆ ಇಟ್ಟು ಮಲಗಿಬಿಟ್ಟೆ. "ಲೇ, ಇನ್ನೂ ಹೊಡೆದಿಲ್ಲ" ಎಂದ. "ಲಿಸ್ಟನ್‌ಗೂ ಹೊಡೆದಿರಲಿಲ್ಲ ಅಂತಾರಲ್ಲ ಭಾವ" ಎಂದೆ. ಮೇಷ್ಟ್ರು ನಕ್ಕು ನಕ್ಕು ಕೆಮ್ಮಿದರು. ಇಷ್ಟು ವರ್ಷದ ವಾದದಲ್ಲಿ ನಾನು ಗೆದ್ದ ಒಂದೇ ರೌಂಡು ಅದು.

ಆದರೆ ಒಂದು ಸಲವೂ ನಾನು ಅಲಿ ಆಗಿಲ್ಲ. ಕೇಳಿ ನೋಡಿದ್ದೇನೆ. "ನಿನಗೆ ಆ ಕಾಲು ಇಲ್ಲಲೇ" ಎನ್ನುತ್ತಾನೆ. ಅವನಿಗೆ ಮೊಣಕಾಲು ಆಪರೇಷನ್ ಆಗಿದೆ.

ಉಳಿದವರ ಬಗ್ಗೆಯೂ ಸ್ವಲ್ಪ ಹೇಳಬೇಕು. ಔಷಧಿ ಅಂಗಡಿಯವರ ಪ್ಯಾಕಿಯಾವ್ 1998ರಲ್ಲಿ ಫ್ಲೈವೇಟ್ ಚಾಂಪಿಯನ್, ಅಂದರೆ 50.8 ಕೆಜಿ. 2010ರ ಹೊತ್ತಿಗೆ ಸೂಪರ್ ವೆಲ್ಟರ್ ತನಕ ಹತ್ತಿ ಒಟ್ಟು ಎಂಟು ತೂಕಗಳಲ್ಲಿ ಗೆದ್ದವನು. ಹುಡುಗನಾಗಿದ್ದಾಗ ತೂಕ ಸಾಲದೆ ಜೇಬಿಗೆ ಭಾರ ತುಂಬಿಕೊಂಡು ತಕ್ಕಡಿ ಹತ್ತಿದ್ದನಂತೆ. ಭಾವ ಇದನ್ನು ಕೇಳಿ ಮೊದಲ ಬಾರಿಗೆ ಪ್ಯಾಕಿಯಾವ್ ಮೇಲೆ ಗೌರವ ತೋರಿಸಿದ. ತಕ್ಕಡಿಯಲ್ಲಿ ಕೈಚಳಕ ಎಂದರೆ ದಲ್ಲಾಳಿಗೆ ತನ್ನವನೇ ಅನಿಸಿರಬೇಕು.

ಭಾವನ ಮಗನದು ಒಂದೇ ಮಾತು, "50-0." ಮೇವೆದರ್ ಆಡಿದ ಐವತ್ತೂ ಗೆದ್ದಿದ್ದಾನೆ, 2015ರಲ್ಲಿ ಪ್ಯಾಕಿಯಾವ್‌ನನ್ನೂ ಸೋಲಿಸಿದ್ದಾನೆ. ಎಡಭುಜ ಮುಂದೆ ಕೊಟ್ಟು, ಮೈ ತಿರುಗಿಸಿ, ಏಟು ಜಾರಿಸುವುದು ಅವನ ವಿದ್ಯೆ. ಈ ಹುಡುಗ ಆ ವಿದ್ಯೆಯನ್ನು ಪೂರ್ತಿ ಕಲಿತಿದ್ದಾನೆ. ಬಿಲ್ಲು ಟೇಬಲ್ಲಿಗೆ ಬರುವಾಗ ಎಡಭುಜ ಮುಂದೆ ಮಾಡಿ, ಮೊಬೈಲು ಕಿವಿಗಿಟ್ಟು, ಹಾಗೇ ತಿರುಗಿ ಹೊರಗೆ ಹೋಗಿಬಿಡುತ್ತಾನೆ. ಅವನ ದಾಖಲೆಯೂ ಐವತ್ತು ದಾಟಿರಬೇಕು.

ಮೇಷ್ಟ್ರು ಅವನನ್ನು ಒಂದೇ ಪ್ರಶ್ನೆಗೆ ಸುಮ್ಮನಾಗಿಸುತ್ತಾರೆ. "ನಿನ್ನ ಮೇವೆದರ್ ಹದಿನೈದು ರೌಂಡು ಆಡಿದ್ದಾನೇನೋ?" ಹುಡುಗ, "ಈಗ ಹನ್ನೆರಡೇ ಇರೋದು ಸರ್" ಎನ್ನುತ್ತಾನೆ. ಯಾಕೆ ಹನ್ನೆರಡಾಯಿತು ಎಂದು ಮೇಷ್ಟ್ರು ಒಮ್ಮೆ ಹೇಳಿದ್ದರು. 1982ರಲ್ಲಿ ಕೊರಿಯಾದ ಕಿಮ್ ಡುಕ್-ಕೂ ಎಂಬ ಹುಡುಗ ರೇ ಮ್ಯಾನ್ಸಿನಿ ಎದುರು ಹದಿನಾಲ್ಕನೇ ರೌಂಡಿನಲ್ಲಿ ಬಿದ್ದವನು ಕೆಲವು ದಿನಕ್ಕೆ ಸತ್ತೇಹೋದ. ಅದಾದ ಮೇಲೆ ರೌಂಡು ಕಮ್ಮಿ ಮಾಡಿದರು. ಆ ಭಾನುವಾರ ಯಾರೂ ಎರಡನೇ ದೋಸೆ ಹೇಳಲಿಲ್ಲ.

ಇವರ ನಡುವೆ ನಾನೂ ಒಂದು ಸಲ ಮಾತಾಡೋಣ ಎಂದು ರಾತ್ರಿ ಕೂತು ಓದಿಕೊಂಡು ಹೋಗಿದ್ದೆ. ಹೆನ್ರಿ ಆರ್ಮ್‌ಸ್ಟ್ರಾಂಗ್, 1938. ಆಗ ಇದ್ದದ್ದೇ ಎಂಟು ತೂಕದ ವಿಭಾಗ, ಅದರಲ್ಲಿ ಮೂರರ ಪಟ್ಟ ಒಬ್ಬನ ಹತ್ತಿರವೇ, ಒಂದೇ ಕಾಲಕ್ಕೆ. ಈಗ ಹದಿನೇಳು ವಿಭಾಗ ಮಾಡಿಕೊಂಡು, ಎರಡೆರಡು ಕೆಜಿಗೆ ಒಬ್ಬ ಚಾಂಪಿಯನ್. ಇದಕ್ಕಿಂತ ದೊಡ್ಡದು ಏನಿದೆ ಎಂದು ನಾನು ಗಂಟಲು ಸರಿಮಾಡಿಕೊಂಡು ಹೇಳಿ ಮುಗಿಸಿದೆ. ಸ್ವಲ್ಪ ಹೊತ್ತು ಎಲ್ಲರೂ ನನ್ನನ್ನೇ ನೋಡಿದರು. ಆಮೇಲೆ ಔಷಧಿ ಅಂಗಡಿಯವರು, "ಆ ಚಟ್ನಿ ಈ ಕಡೆ ತಳ್ಳಿ" ಎಂದರು.

ಇನ್ನು ಇವತ್ತಿನ ಕತೆ. ಮುಕ್ಕಾಲು ಗಂಟೆ ಕಾದು ಕೂತಿದ್ದೆವು. ಅಂಗಿ ಹೊಸದು. ಹನ್ನೊಂದಕ್ಕೆ ಒಂದು ನಿಶ್ಚಿತಾರ್ಥಕ್ಕೆ ಹೋಗಬೇಕಿತ್ತು. ಮೇಷ್ಟ್ರು ಅವರ ಅಚ್ಚುಮೆಚ್ಚಿನ ಪಂದ್ಯ ಎತ್ತಿದ್ದರು. 1952ರ ಜೂನ್, ಯಾಂಕಿ ಸ್ಟೇಡಿಯಂ. ರಾಬಿನ್‌ಸನ್ ತನಗಿಂತ ಏಳು ಕೆಜಿ ಹೆಚ್ಚು ತೂಗುವ ಜೋಯಿ ಮ್ಯಾಕ್ಸಿಂ ಮೇಲೆ ಬಿದ್ದ. ನಮ್ಮೂರ ಏಪ್ರಿಲ್ ಮಧ್ಯಾಹ್ನವನ್ನೂ ಮೀರಿಸುವ ಸೆಕೆ, ಸುಮಾರು ನಲವತ್ತು ಡಿಗ್ರಿ. ಹತ್ತು ರೌಂಡು ಆಗುವಷ್ಟರಲ್ಲಿ ರೆಫ್ರಿಯೇ ಸುಸ್ತಾಗಿ, ಬೇರೆ ರೆಫ್ರಿ ಬಂದ. ರಾಬಿನ್‌ಸನ್ ಪಾಯಿಂಟಿನಲ್ಲಿ ಮುಂದಿದ್ದ. ಆದರೆ ಹದಿನಾಲ್ಕನೇ ರೌಂಡಿಗೆ ಸ್ಟೂಲಿನಿಂದ ಏಳಲಾಗಲಿಲ್ಲ. "ಅವನನ್ನ ಮ್ಯಾಕ್ಸಿಂ ಸೋಲಿಸಲಿಲ್ಲ, ಸೂರ್ಯ ಸೋಲಿಸಿದ" ಎಂದು ಮೇಷ್ಟ್ರು ಕಣ್ಣು ಒರೆಸಿಕೊಂಡರು. ಪಂದ್ಯ ನಡೆದದ್ದು ರಾತ್ರಿ ಎಂದು ಭಾವನ ಮಗ ಮೊಬೈಲು ನೋಡಿ ಹೇಳಿದ. ಮೇಷ್ಟ್ರು ಕೇಳಿಸದವರ ಹಾಗೆ ಕೂತರು.

ನನಗೆ ಆ ರೆಫ್ರಿಯ ಮೇಲೆ ಅಯ್ಯೋ ಅನಿಸಿತು. ಯಾರೋ ಇಬ್ಬರ ಹೊಡೆದಾಟದ ಮಧ್ಯೆ ನಿಂತು ಬೆವರುವ ಮೂರನೆಯವನು ಯಾರು ಎಂದು ನನಗೆ ಚೆನ್ನಾಗಿ ಗೊತ್ತು.

"ಸೋಲು ಅಂದ್ರೆ ಅಲಿ ಥರ ಸೋಲಬೇಕು" ಎಂದು ಭಾವ ಶುರು ಮಾಡಿದ. ನನಗೆ ಎದೆ ಡವಡವ ಎಂದಿತು. "ಫ್ರೇಜಿಯರ್ ಹೆಂಗ್ ಹೊಡೆದ ಅಂದ್ರೆ, ಕೈ ನೆಲದಿಂದ ಬಂತಪ್ಪ, ನೆಲದಿಂದ" ಎಂದು ಎಡಗೈಯನ್ನು ಕುರ್ಚಿಯ ಕೆಳಗೆ ಇಳಿಸಿದ. ಅದೇ ಗಳಿಗೆಗೆ ಸಪ್ಲೈಯರ್ ಹುಡುಗ ಅವನ ಎಡಗಡೆಯಿಂದ ದೋಸೆ ಹಿಡಿದು ಬಗ್ಗಿದ. ಕೈ ನೆಲದಿಂದ ಬಂತು. ಹುಡುಗನ ಮೊಣಕೈಗೆ ಬಡಿಯಿತು. ಪ್ಲೇಟು ಒಂದು ಸಲ ಮೇಲೆ ಹೋಗಿ ನಿಂತ ಹಾಗೆ ಅನಿಸಿತು. ಆ ಬೆಣ್ಣೆ ಮುದ್ದೆ ಇನ್ನೂ ಕರಗಿರಲಿಲ್ಲ, ದೋಸೆಯ ನಡುವೆ ಕುಂಕುಮದ ಬೊಟ್ಟಿನಂತೆ ಕೂತಿತ್ತು. ಅದು ದೋಸೆಯನ್ನು ಬಿಟ್ಟು ತಾನೊಂದೇ ನನ್ನ ಕಡೆ ಬರುವುದನ್ನು ನಾನು ನೋಡಿದೆ. ತಪ್ಪಿಸಿಕೊಳ್ಳಲು ನಾನು ಮೇವೆದರ್ ಅಲ್ಲವಲ್ಲ. ಬೆಣ್ಣೆ ಎದೆಯ ಜೇಬಿನ ಕೆಳಗೆ ಅಂಟಿತು. ಅದರ ಮೇಲೆ ದೋಸೆ. ದೋಸೆಯ ಮೇಲೆ ಚಟ್ನಿ. ಪಲ್ಯ ತೊಡೆಯ ಮೇಲೆ.

ಒಬ್ಬರಾದರೂ "ಸುಟ್ಟಿತಾ?" ಎಂದು ಕೇಳಬಹುದಿತ್ತು. ನಾನು ಬಗ್ಗಿ ದೋಸೆ ಎತ್ತುತ್ತಿದ್ದರೆ ಮೇಷ್ಟ್ರು ಬೆರಳು ಎತ್ತಿ, "ಒಂದು... ಎರಡು... ಮೂರು..." ಎಂದು ಎಣಿಸತೊಡಗಿದರು. ಔಷಧಿ ಅಂಗಡಿಯವರು, "ಅದು ಹುಕ್ಕಲ್ಲ ರೀ, ಸ್ವಿಂಗು" ಎಂದರು. ಭಾವ ಎದ್ದು ನಿಂತು, "ಹುಕ್ಕೇ. ಮೊಣಕೈ ಮಡಚಿತ್ತಲ್ಲ, ನೀವು ನೋಡಲಿಲ್ಲೇನು? ಇನ್ನೊಮ್ಮೆ ತೋರಿಸಲಾ?" ಎಂದ. ಹಿಂದೆ ನಮ್ಮ ಕುರ್ಚಿಗೆ ಕಾಯುತ್ತಿದ್ದ ಅಪರಿಚಿತರು ಕೂಡ "ಹುಕ್ಕು" ಎಂದು ತೀರ್ಪು ಕೊಟ್ಟರು. ಸಪ್ಲೈಯರ್ ಹುಡುಗ ಮಾತ್ರ ನನ್ನ ಹತ್ತಿರ ಬಂದು, ಬಹಳ ಮೆಲ್ಲಗೆ, "ಸರ್, ಇದು ಬಿಲ್ಲಿಗೆ ಸೇರುತ್ತೆ" ಎಂದ.

ನಿಶ್ಚಿತಾರ್ಥ ಹೋಯಿತು. ಸಿಟ್ಟಿನಲ್ಲಿ ನಾನು, "ಬಾಕ್ಸಿಂಗಿನಲ್ಲೂ ತೂಕ ನೋಡಿ ಜೋಡಿ ಹಾಕ್ತಾರೆ, ನೀವು ನನ್ನ ಮೇಲೆ ಬೀಳೋದಕ್ಕೆ ಮೊದಲು ನಿಮ್ಮ ತೂಕ ನೋಡ್ಕೊಳ್ಳಿ" ಎಂದುಬಿಟ್ಟೆ. ಅದನ್ನು ಅವರು ಸವಾಲು ಎಂದು ತಿಳಿದರು. ಐದೂ ಜನ ಔಷಧಿ ಅಂಗಡಿಗೆ ಹೋಗಿ ತೂಕದ ಮಿಷನ್ ಮುಂದೆ ಸಾಲಾಗಿ ನಿಂತೆವು. ಭಾವ 94. ಕೂಡಲೇ "ಹೆವಿವೇಟ್!" ಎಂದು ಎರಡೂ ಕೈ ಎತ್ತಿದ. ನಾನು 61.7.

ಲೈಟ್‌ವೇಟಿನ ಮಿತಿ 61.2 ಕೆಜಿ. ಭಾವನ ಮಗ ಮೊಬೈಲಿನಲ್ಲಿ ಲೆಕ್ಕ ಹಾಕಿ, "ಮಾವ, ನೀವು ಸೂಪರ್ ಲೈಟ್‌ವೇಟ್. ನಿಮಗೂ ಅಪ್ಪಂಗೂ ಮಧ್ಯೆ ಏಳು ಮೆಟ್ಟಿಲು" ಎಂದ. ಇಷ್ಟು ವರ್ಷ ನಡೆದದ್ದು ಅಕ್ರಮ ಪಂದ್ಯ ಎಂದು ಅಲ್ಲಿಗೆ ಸಾಬೀತಾಯಿತು. ಆದರೆ ಅಂಗಿಯ ಮೇಲಿನ ಬೆಣ್ಣೆ, ತೊಡೆಯ ಮೇಲಿನ ಪಲ್ಯ ಕಳೆದರೆ ನಾನು ಲೈಟ್‌ವೇಟೇ ಇರಬಹುದು ಎಂದು ಮೇಷ್ಟ್ರು ಅಡ್ಡ ಹಾಕಿದರು. ಭಾವ ನಗುತ್ತಾ, "ನಾನು ಒಂದೇ ಏಟಿಗೆ ನಿನ್ನ ಕ್ಲಾಸ್ ಮೇಲಕ್ಕೆ ಏರಿಸಿದೆ, ಥ್ಯಾಂಕ್ಸ್ ಹೇಳು" ಎಂದ. ಆಗ ಔಷಧಿ ಅಂಗಡಿಯವರು ಮಿಷನ್ನಿನ ಮುಳ್ಳನ್ನೇ ನೋಡುತ್ತಾ, "ಪಾಪ, ಆ ವಿನೇಶಾ" ಎಂದರು. 2024ರ ಪ್ಯಾರಿಸ್. 50 ಕೆಜಿ ಕುಸ್ತಿ, ಫೈನಲ್ ದಿನ ಬೆಳಿಗ್ಗೆ 100 ಗ್ರಾಂ ಜಾಸ್ತಿ. ಪದಕವೇ ಇಲ್ಲ. 100 ಗ್ರಾಂ ಎಂದರೆ ನಮ್ಮೂರಲ್ಲಿ ಎರಡು ದೋಸೆಯ ಮೇಲಿನ ಬೆಣ್ಣೆ ಇದ್ದೀತು. ಯಾರೂ ಏನೂ ಹೇಳಲಿಲ್ಲ. ನಾನು ಮಿಷನ್ನಿನಿಂದ ಇಳಿದೆ.

ಮನೆಗೆ ಬರುವಾಗ ಅಪ್ಪ ನೆನಪಾದರು. ಅವರು ಇಲ್ಲಿಯ ಹತ್ತಿ ಮಿಲ್ಲಿನಲ್ಲಿದ್ದರು. ದುಗ್ಗಮ್ಮನ ಜಾತ್ರೆ ಬಂದರೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಸ್ತಿಗೆ ಕರೆದೊಯ್ಯುತ್ತಿದ್ದರು. ಅಲ್ಲಿ ನಾನು ತಕ್ಕಡಿ ನೋಡಿದ ನೆನಪೇ ಇಲ್ಲ. ಇಬ್ಬರು ಹುಡುಗರನ್ನು ಪಕ್ಕಪಕ್ಕ ನಿಲ್ಲಿಸಿ, ಹಿರಿಯರು ತಲೆಯಿಂದ ಕಾಲ ತನಕ ನೋಡಿ, "ಜೋಡಿ ಸರಿ ಐತಿ, ಬಿಡ್ರಿ" ಎನ್ನುತ್ತಿದ್ದರು. ಸರಿ ಇಲ್ಲದಿದ್ದರೆ ಜನವೇ ಕೂಗಿ ನಿಲ್ಲಿಸುತ್ತಿತ್ತು. ಅಪ್ಪನ ಹೆಗಲಿಗೆ ಹತ್ತಿಯ ವಾಸನೆ ಇರುತ್ತಿತ್ತು. ಎಷ್ಟು ಹೊತ್ತು ಕೂತರೂ ಅವರು ಭಾರ ಎನ್ನುತ್ತಿರಲಿಲ್ಲ.

ಭಾವನ ಬಗ್ಗೆ ಇಷ್ಟೆಲ್ಲ ಬೈದೆ. ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಜ್ಯೋತಿಯನ್ನು ಅಲಿ ಹಚ್ಚಿದ್ದು ನಾವಿಬ್ಬರೂ ಒಟ್ಟಿಗೆ ಟಿವಿಯಲ್ಲಿ ನೋಡಿದ್ದೆವು. ಪಾರ್ಕಿನ್ಸನ್ ಬಂದು ವರ್ಷಗಳಾಗಿತ್ತು. ಬಲಗೈಯಲ್ಲಿ ಪಂಜು, ಎಡಗೈ ತನ್ನ ಪಾಡಿಗೆ ತಾನು ನಡುಗುತ್ತಿತ್ತು. ಭಾವ ಟಿವಿಯ ಹತ್ತಿರ ಹೋಗಿ ನೆಲದ ಮೇಲೆ ಕೂತ. ಫ್ರೇಜಿಯರ್, ಫೋರ್ಮನ್, ಟೈಸನ್, ಎಲ್ಲರನ್ನೂ ನನ್ನ ಮೈಮೇಲೆ ತೋರಿಸಿದ್ದಾನೆ. ಅದನ್ನು ಮಾತ್ರ ಇವತ್ತಿನವರೆಗೂ ಯಾರ ಮುಂದೆಯೂ ಮಾಡಿ ತೋರಿಸಿಲ್ಲ.

ಇಷ್ಟು ಬರೆದು ಅಂಗಿ ತಿರುವಿ ಹಾಕೋಣ ಎಂದು ಎದ್ದರೆ ಫೋನು. ಭಾವನೇ.

"ಸಿಟ್ಟು ಇಳಿತೇನಪ?"

"ಕಲೆ ಇಳಿದಿಲ್ಲ" ಎಂದೆ.

"ಹೋಗ್ಲಿ ಬಿಡು. ತಪ್ಪು ನಂದೇ. ಮುಂದಿನ ಭಾನುವಾರ ನೀನೇ ಅಲಿ."

ನಿಜ ಹೇಳುತ್ತೇನೆ, ಖುಷಿಯಾಯಿತು. ಇಷ್ಟು ವರ್ಷಕ್ಕೆ ಮೊದಲ ಸಲ. ಕಿನ್ಶಾಸಾ ಇರಬಹುದಾ? ಏಳು ರೌಂಡು ಒರಗಿ ಕೂತು, ಎಂಟನೆಯದಕ್ಕೆ ಮೆಲ್ಲಗೆ ಎದ್ದು...

"ಯಾವ ಪಂದ್ಯ ಭಾವ?"

"ಅದೇ, 1971. ಹುಕ್ಕೋ ಸ್ವಿಂಗೋ ಇನ್ನೂ ತೀರ್ಮಾನ ಆಗಿಲ್ಲಲ್ಲ. ಹಳೇ ಅಂಗಿ ಹಾಕ್ಕೊಂಡು ಬಾ."